ಕಲಬುರಗಿಗೆ ಬರುವುದಾದರೆ ಎಳ್ಳಮವಾಸ್ಯೆಗೆ ಬನ್ನಿ

ಪ್ರತಿ ವರ್ಷ ಏಪ್ರಿಲ್ ಹತ್ತಿರ ಬಂತೆಂದರೆ ರಾಜ್ಯ ಸರ್ಕಾರದಿಂದ ಒಂದು ಆದೇಶ ಹೊರಡುವುದು ವಾಡಿಕೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್ ಮತ್ತು ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕಬೇಕು ಎನ್ನುವ ಆದೇಶ ಅದು. ಬಿಸಿಲಿಗಾಗಿ ಸರ್ಕಾರವೇ ತನ್ನ ವೇಳೆ ಬದಲಿಸಿಕೊಳ್ಳುವ ಸೀಮೆ ಎಂದ ಮೇಲೆ ಹೊರಗಿನವರು ಹಿಂಜರಿಯುವುದು ಸಹಜ. ಆದರೆ ಅದೇ ಆದೇಶವನ್ನು ಮಗುಚಿ ಓದಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಉಳಿದ ಹತ್ತು ತಿಂಗಳು ಕಲಬುರಗಿಯ ಕಚೇರಿಗಳು ಮೈಸೂರು, ಮಂಗಳೂರಿನ ಕಚೇರಿಗಳ ಹೊತ್ತಿಗೇ ನಡೆಯುತ್ತವೆ. ಯಾರೂ ಬಿಸಿಲಿನ ನೆಪ ಹೇಳುವುದಿಲ್ಲ. ದಕ್ಷಿಣ ಕರ್ನಾಟಕದವರ ಮನಸ್ಸಿನಲ್ಲಿ ಮಾತ್ರ ಕಲಬುರಗಿಯಲ್ಲಿ ವರ್ಷವಿಡೀ ಮೇ ತಿಂಗಳು. ಇನ್ನು ಬರುವ ಸ್ವಲ್ಪ ಜನರಾದರೂ ಯಾವಾಗ ಬರುತ್ತಾರೆ? ಮಕ್ಕಳಿಗೆ ಬೇಸಿಗೆ ರಜೆ ಬಿಟ್ಟಾಗ, ಇಲ್ಲವೇ ದಸರೆ ರಜೆಯಲ್ಲಿ. ಒಂದು ಕಾಲದಲ್ಲಿ ನೆಲ ಸುಡುತ್ತಿರುತ್ತದೆ, ಇನ್ನೊಂದು ಕಾಲದಲ್ಲಿ ಮಳೆ ಹಿಡಿದಿರುತ್ತದೆ. ಹೋದವರು ‘ಅಲ್ಲೇನಿದೆ, ಬರೀ ಬಿಸಿಲು’ ಎಂದೋ ‘ಬರೀ ಕೆಸರು’ ಎಂದೋ ಹೇಳುತ್ತಾರೆ. ತಪ್ಪು ಊರಿನದಲ್ಲ, ಕ್ಯಾಲೆಂಡರಿನದು.

ಒಣ ಸೀಮೆಗಳಿಗೆ ಯಾವಾಗ ಹೋಗಬೇಕು ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ ‘ಅಕ್ಟೋಬರ್‌ನಿಂದ ಮಾರ್ಚ್’. ಜೈಸಲ್ಮೇರಿಗೂ ಅದೇ, ಕಛ್‌ಗೂ ಅದೇ, ಹಂಪಿಗೂ ಅದೇ. ಉಷ್ಣಮಾಪಕವನ್ನು ಮಾತ್ರ ನೋಡಿ ಹೇಳುವ ಉತ್ತರವಿದು. ಮೇ ತಿಂಗಳಲ್ಲಿ ಕಲಬುರಗಿಯ ಗರಿಷ್ಠ ತಾಪಮಾನ ಸರಾಸರಿ 40 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಡಿಸೆಂಬರ್‌ನಲ್ಲಿ ಹಗಲು 30ರ ಒಳಗೇ ಇರುತ್ತದೆ, ರಾತ್ರಿ 15ಕ್ಕೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಇಲ್ಲಿಯವರು ಥಂಡಿ ಎಂದು ದೂರುವ ಕಾಲ ಅದು. ಅಷ್ಟರಮಟ್ಟಿಗೆ ಸಿದ್ಧ ಉತ್ತರ ಸುಳ್ಳಲ್ಲ. ಆದರೆ ಆರು ತಿಂಗಳನ್ನು ಒಂದೇ ಮೂಟೆ ಕಟ್ಟಿ ಕೊಟ್ಟರೆ ಅದು ಸಲಹೆಯೂ ಅಲ್ಲ. ಅಕ್ಟೋಬರ್ ಮೊದಲ ಪಕ್ಷದಲ್ಲಿ ಭೀಮಾ ತುಂಬಿ ಹರಿಯಬಹುದು. 2020ರ ಅಕ್ಟೋಬರ್ ನಡುವಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು, ಇಲ್ಲಿಯ ಮಳೆ ಎರಡೂ ಸೇರಿ ನದಿದಂಡೆಯ ಹಳ್ಳಿಗಳಿಗೆ ನುಗ್ಗಿದ್ದನ್ನು ಜಿಲ್ಲೆ ಮರೆತಿಲ್ಲ. ಮಾರ್ಚ್ ನಡುವಿನ ಹೊತ್ತಿಗೆ ಬಿಸಿಗಾಳಿ ಶುರುವಾಗಿರುತ್ತದೆ, ಹೊಲಗಳು ಬರಿದಾಗಿರುತ್ತವೆ. ಮೈಗೆ ಹಿತವಾಗುವ ಕಾಲ ಯಾವುದು ಎಂದು ಕೇಳುವುದಕ್ಕಿಂತ ಈ ಸೀಮೆ ತನ್ನ ಮಳೆಯಿಂದ ಏನು ಮಾಡಿಕೊಂಡಿದೆ ಎಂಬುದು ಯಾವಾಗ ಕಣ್ಣಿಗೆ ಕಾಣುತ್ತದೆ ಎಂದು ಕೇಳಬೇಕು. ಹಾಗೆ ಕೇಳಿದರೆ ಆರು ತಿಂಗಳು ಆರು ವಾರಕ್ಕೆ ಇಳಿಯುತ್ತದೆ: ಡಿಸೆಂಬರ್ ನಡುವಿನಿಂದ ಜನವರಿ ಕೊನೆ, ಅಂದರೆ ಎಳ್ಳಮವಾಸ್ಯೆಯ ಆಚೆ ಈಚೆ.

ಇದಕ್ಕೆ ಕಾರಣ ನೆಲದಲ್ಲಿದೆ. ಮರುಭೂಮಿ ಎಂದು ಹಂಗಿಸಿಕೊಳ್ಳುವ ಕಲಬುರಗಿಗೆ ವರ್ಷಕ್ಕೆ ಬೀಳುವ ಮಳೆ 750 ಮಿಲಿಮೀಟರಿಗೂ ಹೆಚ್ಚು. ಜೈಸಲ್ಮೇರಿಗೆ ಬೀಳುವುದರ ಹಲವು ಪಟ್ಟು, ನಮ್ಮದೇ ಚಳ್ಳಕೆರೆಗಿಂತಲೂ ಸಾಕಷ್ಟು ಜಾಸ್ತಿ. ಕೊರತೆ ಇರುವುದು ಮೊತ್ತದಲ್ಲಲ್ಲ, ಹಂಚಿಕೆಯಲ್ಲಿ. ಜೂನ್, ಜುಲೈ ಕೈಕೊಟ್ಟು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಒಮ್ಮೆಗೇ ಸುರಿಯುವುದು ಇಲ್ಲಿ ಹೊಸತಲ್ಲ. ಆ ಮಳೆಯನ್ನು ಹಿಡಿದಿಟ್ಟುಕೊಳ್ಳುವುದು ಎರಿ ಭೂಮಿ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕಾಲು ಸಿಕ್ಕುವಷ್ಟು ಅಗಲ ಬಿರಿಯುವ ಈ ಕಪ್ಪು ಮಣ್ಣಿನ ಗುಣದ ಮೇಲೇ ಹಿಂಗಾರಿ ಬೇಸಾಯ ನಿಂತಿದೆ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ಗೋ ಬಿತ್ತಿದ ಮಾಲ್ದಂಡಿ ಜೋಳಕ್ಕೆ ಆಮೇಲೆ ಹೇಳಿಕೊಳ್ಳುವಂಥ ಮಳೆ ಬರುವುದೇ ಇಲ್ಲ. ನೆಲದೊಳಗಿನ ಹಸಿ, ಮೇಲಿನ ಇಬ್ಬನಿ ಇವುಗಳಲ್ಲೇ ಅದು ಆಳೆತ್ತರ ಬೆಳೆದು ತೆನೆ ಹಾಕುತ್ತದೆ. ಅದರ ಪಕ್ಕದಲ್ಲಿ ಕಡ್ಲಿ, ಮುಳ್ಳು ಮುಳ್ಳಿನ ಕುಸಬಿ. ಮುಂಗಾರಿಗೆ ಬಿತ್ತಿದ ತೊಗರಿ ಅದೇ ಹೊತ್ತಿಗೆ ಕಾಯಿ ಕಟ್ಟಿ ಎಲೆ ಉದುರಿಸತೊಡಗಿರುತ್ತದೆ. ಸೆಪ್ಟೆಂಬರ್‌ನಲ್ಲಿ ಬಿದ್ದ ಮಳೆಯನ್ನು ನೋಡಬೇಕಾದರೆ ಡಿಸೆಂಬರ್‌ನಲ್ಲಿ ಬರಬೇಕು ಎನ್ನುವುದು ಈ ಅರ್ಥದಲ್ಲಿ. ಮಲೆನಾಡಿನಲ್ಲಿ ಮಳೆಯನ್ನು ಮಳೆಗಾಲದಲ್ಲೇ ನೋಡಬಹುದು. ಇಲ್ಲಿ ಅದು ಮೂರು ತಿಂಗಳು ತಡವಾಗಿ, ಜೋಳದ ದಂಟಾಗಿ ಕಾಣಿಸಿಕೊಳ್ಳುತ್ತದೆ.

ಊಟದ ಸಾಕ್ಷ್ಯ ಇನ್ನೂ ಬಲವಾದದ್ದು. ಮಾರ್ಗಶಿರದ ಕೊನೆಯ ದಿನ, ಎಳ್ಳಮವಾಸ್ಯೆಯಂದು, ಕಲಬುರಗಿ, ಬೀದರ್ ಸೀಮೆಯ ಜನ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತಾರೆ. ಭೂತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಾರೆ. ಆ ಊಟದ ಮುಖ್ಯ ಪದಾರ್ಥ ಬಜ್ಜಿ. ಬೆಂಗಳೂರಿನವರು ಅಂದುಕೊಳ್ಳುವ ಎಣ್ಣೆಯಲ್ಲಿ ಕರಿದ ಬಜ್ಜಿ ಇದಲ್ಲ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಹಸಿರು ಈರುಳ್ಳಿ, ಸಿಕ್ಕಷ್ಟು ಬಗೆಯ ಸೊಪ್ಪು ತರಕಾರಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಕಡಲೆಹಿಟ್ಟು ಹಚ್ಚಿ ಮಾಡುವ ಗಟ್ಟಿ ಪಲ್ಯ. ಅದರ ಜೊತೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಜೋಳದ ಅಂಬಲಿ. ಇಷ್ಟೂ ಕಾಳುಗಳು ಒಟ್ಟಿಗೆ ಹಸಿಯಾಗಿ ಸಿಗುವುದು ವರ್ಷದಲ್ಲಿ ಕೆಲವೇ ವಾರ. ಮಾರ್ಚ್‌ನಲ್ಲಿ ಯಾವ ದೊಡ್ಡ ಹೋಟೆಲಿನವರು ಮನಸ್ಸು ಮಾಡಿದರೂ ಆ ಬಜ್ಜಿ ಆಗುವುದಿಲ್ಲ, ಹೆಚ್ಚೆಂದರೆ ಫ್ರಿಜ್ಜಿನ ಬಟಾಣಿಯ ಪಲ್ಯವಾದೀತು. ಸೀತನಿಯದೂ ಅದೇ ಕಥೆ. ಜೋಳದ ಕಾಳು ಹಾಲು ತುಂಬಿ ಗಟ್ಟಿಯಾಗುವ ಮುಂಚೆ, ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಉದುರಿಸಿ, ಬೆಲ್ಲವೋ ಶೇಂಗಾ ಹಿಂಡಿಯೋ ಹಚ್ಚಿ ತಿನ್ನುವ ಸೀತನಿಗೆ ಒಂದು ಹೊಲದಲ್ಲಿ ಹದ ಇರುವುದು ಹತ್ತು ಹದಿನೈದು ದಿನ. ಹಸಿ ಕಡಲೆಯ ಸುಲಗಾಯಿಗೂ ಹೆಚ್ಚು ಕಡಿಮೆ ಅಷ್ಟೇ. ಇನ್ನೊಂದು ಮಾತು: ತೊಗರಿ ಹಬ್ಬುತ್ತ ಹೋದಂತೆ ಜೋಳದ ಹೊಲಗಳು ಕಡಿಮೆಯಾಗಿವೆ. ಸೀತನಿಯನ್ನು ಮುಂದಿನ ವರ್ಷ ತಿಂದರಾಯಿತು ಎನ್ನುವವರು ಸ್ವಲ್ಪ ಯೋಚಿಸಬೇಕು.

ಹೊಲ ಬೇಡ, ಸ್ಮಾರಕ ನೋಡಲು ಬರುತ್ತೇವೆ ಎನ್ನುವವರಿಗೂ ಇದೇ ಕಾಲ ಸರಿ. ಕಲಬುರಗಿ ಕೋಟೆಯೊಳಗಿನ, 1367ರ ಜಾಮಾ ಮಸೀದಿಗೆ ತೆರೆದ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡ ಗುಮ್ಮಟಗಳ ಅಡಿಯಲ್ಲಿದೆ. ಬಹಮನಿಗಳ ಕಾಲದ ಶಿಲ್ಪಿ ಹೀಗೇಕೆ ಕಟ್ಟಿದ ಎಂಬುದಕ್ಕೆ ವಿದ್ವಾಂಸರ ಬಳಿ ಬೇರೆ ಬೇರೆ ಉತ್ತರಗಳಿರಬಹುದು. ಅಗಲವಾದ, ತಗ್ಗಾದ ಕಮಾನುಗಳ ಆ ನೆರಳು ಮಾತ್ರ ಯಾರಿಗೂ ವಿವರಣೆ ಕೇಳುವುದಿಲ್ಲ. ಆದರೆ ಮಸೀದಿಯ ಬಾಗಿಲು ತನಕ ನಡೆಯಬೇಕಾದ ಕೋಟೆಯ ಬಯಲಿಗೆ ನೆರಳಿಲ್ಲ. ಹಫ್ತ್ ಗುಂಬಜ್‌ನ ಒಂದು ಗೋರಿಯಿಂದ ಇನ್ನೊಂದಕ್ಕೆ ಹೋಗುವ ದಾರಿಗಿಲ್ಲ. ಕಾಗಿಣಾ ದಂಡೆಯ ಮಳಖೇಡದಲ್ಲಿ, ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ಅಮರಜಾ ಭೀಮೆಯನ್ನು ಸೇರುವ ಗಾಣಗಾಪುರದ ಸಂಗಮದಲ್ಲಿ, ಎಲ್ಲ ಕಡೆಯೂ ನೋಡಬೇಕಾದದ್ದು ಬಯಲಲ್ಲಿದೆ. ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ದೇವಸ್ಥಾನ, ಬುದ್ಧ ವಿಹಾರ ಮೂರರಲ್ಲೂ ಚಪ್ಪಲಿ ಹೊರಗೆ ಬಿಡಬೇಕು. ಮೇ ತಿಂಗಳ ಮಧ್ಯಾಹ್ನ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಓಡುವ ಭಕ್ತನಿಗೆ ಕಟ್ಟಡದ ಚೆಲುವು ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಶಹಾಬಾದ್ ಫರ್ಸಿ ಹಾಸಿದ ಮನೆ, ಮಾಳಿಗೆ, ಓಣಿಗಳು ಹಗಲಿನ ಕಾವನ್ನು ಹೀರಿಕೊಂಡು ನಡುರಾತ್ರಿಯವರೆಗೆ ಹೊರಗೆ ಬಿಡುತ್ತಿರುತ್ತವೆ; ಹಾಗಾಗಿ ಏಪ್ರಿಲ್, ಮೇ ಎರಡು ತಿಂಗಳು ರಾತ್ರಿಯೂ ಬಿಡುವಿಲ್ಲ.

ಕಮಲಾಪುರದ ವಿಷಯದಲ್ಲಿ ನನ್ನ ವಾದಕ್ಕೆ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋದರೆ ಎರಿ ಬಯಲು ಮುಗಿದು ಕೆಂಪು ಮಣ್ಣಿನ ಗುಡ್ಡಗಳು ಏಳುವಲ್ಲಿ ಈ ಊರಿದೆ. ಭೌಗೋಳಿಕ ಮಾನ್ಯತೆ ಪಡೆದ ಇಲ್ಲಿಯ ಕೆಂಬಾಳೆ ಬೆಳೆಯುವುದು ಗುಡ್ಡಗಳ ಆಸರೆಯ ಕಣಿವೆಯಲ್ಲಿ, ನೀರಾವರಿಯಲ್ಲಿ. ನೆಟ್ಟ ಮೇಲೆ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ. ಸಾಮಾನ್ಯ ಬಾಳೆಗಿಂತ ಹೆಚ್ಚು ಗೊಬ್ಬರ, ಹೆಚ್ಚು ನೀರು, ಹೆಚ್ಚು ಆಳು ಬೇಡುವುದರಿಂದ ಬೆಲೆಯೂ ಹೆಚ್ಚು. ಉಳ್ಳವರ ಹಣ್ಣೆಂದು ಹೆಸರು. ಒಂದೂವರೆ ವರ್ಷ ನೆಲದಲ್ಲಿರುವ, ನೀರು ಕಟ್ಟಿ ಸಾಕುವ ಬೆಳೆಗೆ ಋತುವಿನ ಹಂಗೇನು, ಯಾವಾಗ ಬಂದರೂ ತೋಟ ಹಸಿರೇ ಅಲ್ಲವೇ ಎಂದು ಕೇಳಬಹುದು. ತೋಟ ಹಸಿರೇ, ನಿಜ. ಆದರೆ ಆ ತೋಟ ಯಾಕೆ ಅಲ್ಲಿದೆ, ಎರಡು ಹೆಜ್ಜೆ ಆಚೆಗೆ ಯಾಕಿಲ್ಲ ಎಂಬುದು ತಿಳಿಯಬೇಕಾದರೆ ಸುತ್ತಲಿನ ಹೊಲಗಳಲ್ಲೂ ಬೆಳೆ ನಿಂತಿರಬೇಕು. ಜನವರಿಯಲ್ಲಿ ಬಂದವನಿಗೆ ಕೆಳಗಿನ ಎರಿಯಲ್ಲಿ ಹಸಿಯ ಮೇಲೇ ನಿಂತ ಜೋಳ, ಮೇಲಿನ ಕೆಂಪು ಮಣ್ಣಿನಲ್ಲಿ ನೀರುಂಡ ಬಾಳೆ ಎರಡೂ ಒಂದೇ ದಿನದಲ್ಲಿ ಕಾಣುತ್ತವೆ. ಒಂದೇ ಜಿಲ್ಲೆಯ ಎರಡು ಬೇಸಾಯಗಳನ್ನು ಹೋಲಿಸಿ ನೋಡಬಹುದು. ಮೇ ತಿಂಗಳಲ್ಲಿ ಬಂದವನಿಗೆ ಬೋಳು ಬಯಲಿನ ನಡುವೆ ಒಂದು ಹಸಿರು ಪಟ್ಟಿ ಕಾಣುತ್ತದೆ, ಅದನ್ನು ಮರುಭೂಮಿಯ ಓಯಸಿಸ್ ಎಂದು ಬರೆದುಕೊಂಡು ಹೋಗುತ್ತಾನೆ. ಫೋಟೊ ಚೆನ್ನಾಗಿ ಬರುತ್ತದೆ, ತಿಳಿವಳಿಕೆ ಮಾತ್ರ ತಲೆಕೆಳಗಾಗಿರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಬೆಳೆ ನಿಂತ ಕಾಲದಲ್ಲಿ ಬಂದು ಸೀತನಿ ತಿಂದು ಹೋಗುವವನು ಈ ನಾಡಿನ ನಿಜವನ್ನು ನೋಡಿದಂತಾಯಿತೇ? ಕೊಡಗಳ ಸಾಲು, ಟ್ಯಾಂಕರ್ ನೀರು, ಬತ್ತಿದ ಹಳ್ಳ ಇವನ್ನೆಲ್ಲ ಕಾಣದ ಪ್ರವಾಸ ಒಂದು ಬಗೆಯ ಕಣ್ಕಟ್ಟಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ. ಆದರೆ ಬೇಸಿಗೆಯಲ್ಲಿ ಬರಬೇಕಾದವರು ಯಾರು ಎಂದು ವಿಂಗಡಿಸಬೇಕು. ಉಸ್ತುವಾರಿ ಸಚಿವರು, ಕಾರ್ಯದರ್ಶಿಗಳು, ಯೋಜನೆ ಬರೆಯುವವರು, ಪತ್ರಕರ್ತರು ಮೇ ತಿಂಗಳಲ್ಲೇ ಬರಲಿ, ಮಧ್ಯಾಹ್ನವೇ ಬರಲಿ. ಬದಲಿಸುವ ಅಧಿಕಾರವಿದ್ದವರು ಕಷ್ಟವನ್ನು ನೋಡುವುದಕ್ಕೆ ಅರ್ಥವಿದೆ. ಅಧಿಕಾರವಿಲ್ಲದ ಅತಿಥಿ ಆ ಕಾಲದಲ್ಲಿ ಬಂದರೆ ಅವನ ಸ್ನಾನಕ್ಕೂ ಅದೇ ಟ್ಯಾಂಕರಿನ ನೀರೇ ಆಗಬೇಕು. ಅಲ್ಲದೆ ಚಳಿಗಾಲದ ಹೊಲದಲ್ಲಿ ಕಷ್ಟ ಇರುವುದಿಲ್ಲ ಎನ್ನುವುದೂ ತಪ್ಪು. ನೆಟೆ ರೋಗ ಬಿದ್ದ ವರ್ಷ ಕಾಯಿ ಕಟ್ಟುವ ಹಂತದಲ್ಲೇ ಹೊಲಕ್ಕೆ ಹೊಲವೇ ಒಣಗಿ ನಿಂತ ತೊಗರಿಯನ್ನು ಕಾಣುವುದು ಈ ತಿಂಗಳುಗಳಲ್ಲೇ. ಕಲಬುರಗಿಯ ಧಾನ್ಯಪೇಟೆ ಗಂಜಿನಲ್ಲಿ ಹೊಸ ತೊಗರಿಯ ರಾಶಿ ಬೀಳುವುದೂ, ಆವಕ ಏರುತ್ತಿದ್ದಂತೆ ದರ ಇಳಿಯುವುದೂ, ಬೆಂಬಲ ಬೆಲೆ ಖರೀದಿ ಕೇಂದ್ರ ಯಾವಾಗ ತೆರೆಯುತ್ತಾರೆ ಎಂಬ ಮಾತು ಅಂಗಡಿ ಅಂಗಡಿಯಲ್ಲಿ ನಡೆಯುವುದೂ ಆಗಲೇ. ಸುಗ್ಗಿ ಮುಗಿದ ಮೇಲೆ ಕೂಲಿ ಕುಟುಂಬಗಳು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತವೆ. ಹಳ್ಳಿಯ ಜನರನ್ನು ಹಳ್ಳಿಯಲ್ಲೇ ಕಂಡು ಮಾತಾಡಿಸಬೇಕೆನ್ನುವವನು ಅವರು ಇರುವಾಗ ಬರಬೇಕು, ಬೀಗ ಬಿದ್ದ ಮೇಲಲ್ಲ.

ಜಾತ್ರೆ, ಉರುಸುಗಳ ಮಾತೂ ಬರುತ್ತದೆ. ಶರಣಬಸವೇಶ್ವರರ ರಥೋತ್ಸವ ಹೋಳಿಯಾದ ಐದನೆಯ ದಿನ, ಹೆಚ್ಚಾಗಿ ಮಾರ್ಚ್‌ನಲ್ಲಿ. ಅಪ್ಪನ ಜಾತ್ರೆಗೆ ಬಿಸಿಲೆಂದು ಯಾರೂ ಮನೆಯಲ್ಲಿ ಕೂರುವುದಿಲ್ಲ. ಬಂದೇ ನವಾಜರ ಉರುಸು ಹಿಜರಿ ಪಂಚಾಂಗದ ಜಿಲ್ಕಾದ ತಿಂಗಳಲ್ಲಿ ಬರುವುದರಿಂದ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. ಸದ್ಯ ಅದು ಬಿರುಬೇಸಿಗೆಯಲ್ಲಿದೆ, 2036ರ ಹೊತ್ತಿಗೆ ಜನವರಿಗೆ ಬಂದಿರುತ್ತದೆ. ಭಕ್ತರಿಗೆ ಋತು ಹೇಳಿಕೊಡುವ ಅಗತ್ಯ ಯಾರಿಗೂ ಇಲ್ಲ, ಅವರು ಪ್ರವಾಸಿಗಳೂ ಅಲ್ಲ. ಆದರೆ ಸರ್ಕಾರ ತಾನೇ ಆಮಂತ್ರಿಸುವ ದಿನಗಳನ್ನು ಗಮನಿಸಿ. ಕಲ್ಯಾಣ ಕರ್ನಾಟಕ ಉತ್ಸವ ಸೆಪ್ಟೆಂಬರ್ 17ಕ್ಕೆ. 1948ರ ವಿಮೋಚನೆಯ ದಿನವದು, ಬದಲಿಸುವ ಪ್ರಶ್ನೆಯಿಲ್ಲ. ಆದರೆ ಜಿಲ್ಲೆಯಲ್ಲಿ ಮಳೆ ಜೋರಾಗಿರುವ ತಿಂಗಳೂ ಅದೇ. ಹೊರಗಿನವರು ಬರಲಿ ಎಂಬ ಇನ್ನೊಂದು ಸಂದರ್ಭ ಬೇಕಲ್ಲವೇ? ರಾಜಸ್ಥಾನದವರು ಜೈಸಲ್ಮೇರಿನ ಮರು ಮಹೋತ್ಸವವನ್ನು ಮಾಘ ಹುಣ್ಣಿಮೆಗೆ ಮುಗಿಯುವಂತೆ ಇಟ್ಟುಕೊಂಡಿದ್ದಾರೆ. ಮಳೆಗಾಲದಲ್ಲಿ ನೀರಿನಡಿ ಇರುವ ಬಿಳಿ ರಣ್ ಒಣಗಿ ಉಪ್ಪು ಹೆಪ್ಪುಗಟ್ಟಿದ ಮೇಲೆಯೇ ಗುಜರಾತಿನವರು ರಣ್ ಉತ್ಸವ ನಡೆಸುತ್ತಾರೆ. ಅವರಲ್ಲಿ ನೆಲ ಸಿದ್ಧವಾದಾಗ ಆಮಂತ್ರಣ ಹೊರಡುತ್ತದೆ. ನಮ್ಮಲ್ಲೂ ಇಂಥದೊಂದು ಉದಾಹರಣೆ ಇದೆ: 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 2020ರ ಫೆಬ್ರುವರಿ 5ರಿಂದ 7ರವರೆಗೆ ಕಲಬುರಗಿಯಲ್ಲಿ ನಡೆಯಿತು. ನಾಡಿನ ಮೂಲೆ ಮೂಲೆಯಿಂದ ಬಂದವರಿಗೆ ಬಿಸಿಲು ದೊಡ್ಡ ಸುದ್ದಿಯಾಗಲಿಲ್ಲ.

ಮಳೆಗಾಲದ ಪರ ವಾದಿಸುವವರಿಗೆ ನಾನು ಒಂದು ಕಡೆ ಸೋಲುತ್ತೇನೆ. ಚಿಂಚೋಳಿಯ ವನ್ಯಧಾಮದ ಕಾಡು, ಎತ್ತಿಪೋತ ಜಲಪಾತ, ಕಮಲಾಪುರದಾಚೆಯ ಗುಡ್ಡಗಳು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇರುವಂತೆ ಜನವರಿಯಲ್ಲಿ ಇರುವುದಿಲ್ಲ. ಬರೀ ಜಲಪಾತವೇ ಬೇಕೆನ್ನುವವರು ಮಳೆಗಾಲದಲ್ಲಿ ಬರಲಿ, ಡಾಂಬರು ಬಿಟ್ಟು ಎರಿಗೆ ಕಾಲಿಡದಿದ್ದರಾಯಿತು. ಕಾಲಿಟ್ಟರೆ ಪ್ರತಿ ಹೆಜ್ಜೆಗೂ ಒಂದೊಂದು ಸೇರು ಮಣ್ಣು ಚಪ್ಪಲಿಗೆ ಅಂಟಿಕೊಂಡು ಬರುತ್ತದೆ. ರಜೆ ಸಿಗುವುದೇ ಬೇಸಿಗೆಯಲ್ಲಿ ಎನ್ನುವ ಮಾತಿಗೆ ಉತ್ತರ ಇನ್ನೂ ಸುಲಭ. ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿಯ ಬಿಡುವುಗಳು ಈ ಆರು ವಾರದಲ್ಲೇ ಇವೆ. ಶಾಲೆಗಳ ಶೈಕ್ಷಣಿಕ ಪ್ರವಾಸದ ಬಸ್ಸುಗಳು ಹೊರಡುವುದೂ ಡಿಸೆಂಬರ್ ಆಸುಪಾಸಿನಲ್ಲೇ. ಅವು ಮೈಸೂರು, ಹಳೇಬೀಡು, ಹಂಪಿ ಕಡೆ ತಿರುಗುತ್ತವೆ, ಅಷ್ಟೇ. ದೂರ ಎನ್ನುವಂತೆಯೂ ಇಲ್ಲ. ಬೀದರ್‌–ಕಲಬುರಗಿ ರೈಲು ಮಾರ್ಗ 2017ರಲ್ಲಿ ಕಮಲಾಪುರದ ಮೇಲೇ ಹಾದು ಬಂದಿದೆ, 2024ರ ಮಾರ್ಚ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ಓಡುತ್ತಿದೆ.

ಎಲ್ಲರನ್ನೂ ಆರು ವಾರಕ್ಕೆ ನೂಕಿದರೆ ಉಳಿದ ತಿಂಗಳು ಲಾಡ್ಜು, ಆಟೊ, ಖಾನಾವಳಿಯವರು ಏನು ಮಾಡಬೇಕು ಎಂಬ ವ್ಯಾಪಾರದ ಪ್ರಶ್ನೆ ಉಳಿಯುತ್ತದೆ. ಈಗ ಅವರಿಗೆ ಯಾವ ಪ್ರವಾಸಿ ಹಂಗಾಮೂ ಇಲ್ಲ. ಒಂದು ಹಂಗಾಮು ಗಟ್ಟಿಯಾಗಿ ನಿಂತರೆ ಅದರ ಎರಡು ಬದಿಯ ತಿಂಗಳುಗಳು ತಾವಾಗಿ ತುಂಬಿಕೊಳ್ಳುತ್ತವೆ. ಡಿಸೆಂಬರ್‌ನ ದತ್ತ ಜಯಂತಿಗೆ ಗಾಣಗಾಪುರಕ್ಕೆ ಬರುವ ಮಹಾರಾಷ್ಟ್ರದ ಯಾತ್ರಿಕರೇ ಇದಕ್ಕೆ ಮೊದಲ ಗಿರಾಕಿಗಳಾಗಬಹುದು. ನನಗೆ ಇರುವ ಆತಂಕ ಬೇರೆ. ಎಳ್ಳಮವಾಸ್ಯೆ ಮನೆತನದ ಹಬ್ಬ. ಊರಿನ ನೆಂಟರು, ಪೇಟೆಯ ಗೆಳೆಯರು, ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುವ ರೂಢಿ ಇದೆಯೆಂದು ಅದನ್ನು ಟಿಕೆಟಿನ ಆಟ ಮಾಡಲು ಬರುವುದಿಲ್ಲ. ಹತ್ತು ಬಸ್ಸು ಬಂದು ಒಂದು ಹೊಲದ ಬದುವಿನಲ್ಲಿ ನಿಂತರೆ ತುಳಿತಕ್ಕೆ ಸಿಗುವುದು ಕಡ್ಲಿ ಬೆಳೆ. ಹಬ್ಬದ ದಿನ ಕರೆ ಇದ್ದವರು ಹೋಗಲಿ. ಉಳಿದವರಿಗೆ ಅದರ ಹಿಂದು ಮುಂದಿನ ವಾರಗಳು ಸಾಲವೇ? ಸೀತನಿ, ಸುಲಗಾಯಿ, ಕೆಂಬಾಳೆ ತಿನ್ನಿಸಲು ಒಪ್ಪುವ ರೈತರಿಗೆ ಅದರ ದುಡ್ಡು ನೇರವಾಗಿ ಕೊಟ್ಟರೆ ಗಂಜಿನ ದರ ಬಿದ್ದ ವರ್ಷ ಅದೂ ಒಂದು ಆಸರೆ.

ಇನ್ನು ದಿನಾಂಕ. ಎಳ್ಳಮವಾಸ್ಯೆ ಒಂದು ವರ್ಷ ಡಿಸೆಂಬರ್ ನಡುವಿಗೆ, ಇನ್ನೊಂದು ವರ್ಷ ಜನವರಿಗೆ ಬರುತ್ತದೆ. ಮಳೆ ತಡವಾದರೆ ಬಿತ್ತನೆ ತಡ, ಬಿತ್ತನೆ ತಡವಾದರೆ ತೆನೆಯೂ ತಡ. ಆದ್ದರಿಂದ ವರ್ಷದ ಮೊದಲೇ ಅಚ್ಚು ಹಾಕಿಸಿದ ಭಿತ್ತಿಪತ್ರದಿಂದ ಈ ಕೆಲಸ ಆಗುವಂಥದ್ದಲ್ಲ. ತೊಗರಿ ಕಟಾವು ಯಾವ ಕಡೆ ಶುರುವಾಗಿದೆ, ಜೋಳ ಹಾಲುಗಾಳಿಗೆ ಬರಲು ಇನ್ನೆಷ್ಟು ದಿನವಿದೆ, ಕಮಲಾಪುರದಲ್ಲಿ ಗೊನೆ ಕಡಿಯುತ್ತಿದ್ದಾರೆಯೇ ಎಂಬ ಮಾಹಿತಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳವರಿಗೆ ಗೊತ್ತೇ ಇರುತ್ತದೆ. ಡಿಸೆಂಬರ್ ಮೊದಲ ವಾರದಿಂದ ಅದನ್ನು ವಾರಕ್ಕೊಮ್ಮೆ ತರಿಸಿಕೊಂಡು ಪ್ರಕಟಿಸಲು, ಒಂದು ಪ್ರತಿಯನ್ನು ಶಾಲಾ ಶಿಕ್ಷಣ ಇಲಾಖೆಗೆ ಕಳಿಸಿಕೊಡಲು ಜಿಲ್ಲಾಡಳಿತಕ್ಕೆ ಹೊಸ ಕಟ್ಟಡವೂ ಬೇಡ, ವಿಶೇಷ ಅನುದಾನವೂ ಬೇಡ.